ಗಾಜಿನೊಳಗೆ ಓಡಾಡುವ ಉಪ್ಪು

ರಾತ್ರಿ ಒಂಬತ್ತೂವರೆ. ಲ್ಯಾಬ್‌ನಲ್ಲಿ ನಾನೊಬ್ಬನೇ. ಹಿಂದೆ ಗುಂಯ್ ಅನ್ನುತ್ತಿರುವುದು ವ್ಯಾಕ್ಯೂಮ್ ಪಂಪ್, ಸ್ವಲ್ಪ ಸಹಿಸಿಕೊಳ್ಳಿ.

ಈಗ ಕಾಣುತ್ತಿರುವುದು ಉಗುರಿನಷ್ಟಗಲದ ಸಿಲಿಕಾನ್ ತುಂಡು. ಆ ಕಡು ನೇರಳೆ ಬಣ್ಣ ಅದರ ಮೇಲಿರುವ ಆಕ್ಸೈಡ್‌ನದ್ದು, ದಪ್ಪ 100 ನ್ಯಾನೋಮೀಟರ್. ಗಾಜಿನ ಪೊರೆ ಅಂತಲೇ ಇಟ್ಟುಕೊಳ್ಳಿ. ಸಾಲಾಗಿರುವ ಬೆಳ್ಳಿ ಚುಕ್ಕಿಗಳು ಅಲ್ಯೂಮಿನಿಯಂ. ಒಂದೊಂದು ಚುಕ್ಕಿಯೂ ಒಂದು ಕೆಪಾಸಿಟರ್.

ಸೂಜಿ ಇಳಿಸಿ ಸಿ-ವಿ ಕರ್ವ್ ತೆಗೆದೆ, ಅಂದರೆ ವೋಲ್ಟೇಜ್ ಬದಲಿಸುತ್ತಾ ಹೋದಂತೆ ಕೆಪಾಸಿಟನ್ಸ್ (ಚಾರ್ಜ್ ಹಿಡಿಯುವ ಶಕ್ತಿ) ಹೇಗೆ ಬದಲಾಗುತ್ತದೆ ಅನ್ನುವ ಗೆರೆ. ಮೈನಸ್ 1 ವೋಲ್ಟ್ ಹತ್ತಿರ ನೀಟಾಗಿ ಇಳಿಯಿತು. ಆಮೇಲೆ ತುಂಡು ಕೂತಿರುವ ಲೋಹದ ತಟ್ಟೆಯನ್ನು (ಚಕ್) 200 ಡಿಗ್ರಿಗೆ ಕಾಯಿಸಿ, ಚುಕ್ಕಿಗೆ ಪ್ಲಸ್ 10 ವೋಲ್ಟ್ ಕೊಟ್ಟು ಹತ್ತು ನಿಮಿಷ ಸುಮ್ನೆ ಕೂತೆ. ವೋಲ್ಟೇಜ್ ತೆಗೆಯದೆಯೇ ತಣ್ಣಗಾಗಲು ಬಿಟ್ಟು ಮತ್ತೆ ಅಳೆದೆ.

ಸ್ಕ್ರೀನ್ ನೋಡಿ. ಆಕಾರ ಅದೇ. ಆದರೆ ಕರ್ವ್ ಎಡಕ್ಕೆ ಸರಿದು ಮೈನಸ್ 4ರಲ್ಲಿ ಕೂತಿದೆ!

ಇದು ಸೋಡಿಯಂ ಕೆಲಸ. ಅದರ ಅಯಾನು, ಅಂದರೆ ಚಾರ್ಜ್ ಇರುವ ಪರಮಾಣು, ಪುಟ್ಟದು, ಪ್ಲಸ್ ಚಾರ್ಜಿನದು. ಆಕ್ಸೈಡ್‌ನಲ್ಲಿ ಪರಮಾಣುಗಳ ನಡುವೆ ಸಂದುಗಳಿವೆ. ಬಿಸಿ ಏರಿದರೆ ಅಯಾನು ಒಂದು ಸಂದಿನಿಂದ ಇನ್ನೊಂದಕ್ಕೆ ಹಾರುತ್ತದೆ. ಮೇಲಿನ ಪ್ಲಸ್ ವೋಲ್ಟೇಜ್ ಅದನ್ನು ಸಿಲಿಕಾನ್ ಕಡೆಗೆ ತಳ್ಳುತ್ತದೆ. ತಣ್ಣಗಾದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಪ್ಲಸ್ ಚಾರ್ಜನ್ನು ಸರಿದೂಗಿಸಲು ಇನ್ನಷ್ಟು ಮೈನಸ್ ವೋಲ್ಟೇಜ್ ಬೇಕು, ಅದಕ್ಕೇ ಕರ್ವ್ ಎಡಕ್ಕೆ ಸರಿದದ್ದು.

ಲೆಕ್ಕ ಹಾಕಿದೆ. 3 ವೋಲ್ಟ್ ಸರಿಯಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 65,000 ಕೋಟಿ ಅಯಾನು ಬೇಕು. ಜಾಸ್ತಿ ಅನ್ನಿಸಿತಾ? ಸಿಲಿಕಾನ್ ಮೇಲ್ಮೈಯಲ್ಲಿರುವ ಸಾವಿರ ಪರಮಾಣುಗಳಿಗೆ ಒಂದು ಅಷ್ಟೇ.

ಇದು ಸೋಡಿಯಂ ಹೌದೋ ಅಲ್ಲವೋ? ಮತ್ತೆ ಕಾಯಿಸಿ ಮೈನಸ್ 10 ಕೊಟ್ಟೆ. ಕರ್ವ್ ಮೆಲ್ಲಗೆ ವಾಪಸ್ ಬಂತು. ಓಡಾಡುವ ಅಯಾನಿನ ಗುರುತೇ ಇದು. ಸೋಡಿಯಂ ಅಂತ ಹೆಸರು ಹಿಡಿದು ಹೇಳಲು ಕಾರಣ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

1960ರ ದಶಕದ ಶುರುವಿನಲ್ಲಿ ಮಾಸ್ (MOS) ಟ್ರಾನ್ಸಿಸ್ಟರ್‌ಗಳನ್ನು, ಅಂದರೆ ಇದೇ ಲೋಹ-ಆಕ್ಸೈಡ್-ಸಿಲಿಕಾನ್ ಪದರಗಳ ಸ್ವಿಚ್‌ಗಳನ್ನು, ನಂಬುವ ಹಾಗಿರಲಿಲ್ಲ. ಇವತ್ತು ಒಂದು ವೋಲ್ಟೇಜ್‌ಗೆ ಆನ್ ಆದದ್ದು ನಾಳೆ ಇನ್ನೊಂದಕ್ಕೆ. ಫೇರ್‌ಚೈಲ್ಡ್ ಎಂಬ ಅಮೆರಿಕದ ಚಿಪ್ ಕಂಪನಿಯ ಸ್ನೋ, ಗ್ರೋವ್, ಡೀಲ್, ಸಾ ಎಂಬ ನಾಲ್ವರು 1965ರಲ್ಲಿ ಇದರ ಹಿಂದಿರುವುದು ಸೋಡಿಯಂನಂಥ ಕ್ಷಾರ ಅಯಾನುಗಳ ಓಡಾಟ ಅಂತ ತೋರಿಸಿದರು. ಹೌದು, ಮುಂದೆ ಇಂಟೆಲ್ ನಡೆಸಿದ ಆ್ಯಂಡಿ ಗ್ರೋವ್ ಅವರೇ. ಮದ್ದೂ ಸಿಕ್ಕಿತು: ರಂಜಕ (ಫಾಸ್ಫರಸ್) ಬೆರೆತ ಗಾಜಿನ ಪದರ ಸೋಡಿಯಂ ಅನ್ನು ಹಿಡಿದಿಡುತ್ತದೆ, ಸಿಲಿಕಾನ್ ನೈಟ್ರೈಡ್ ಒಳಗೇ ಬಿಡುವುದಿಲ್ಲ.

ಸರಿ, ನನ್ನ ತುಂಡಿಗೆ ಎಲ್ಲಿಂದ ಬಂತು? ಆಕ್ಸೈಡ್ ಬೆಳೆಸುವ ಫರ್ನೇಸ್ ಟ್ಯೂಬ್ ಮೇಲೆ ಅನುಮಾನಪಟ್ಟು ಎರಡು ದಿನ ಕಳೆದೆ. ಆಮೇಲೆ ನೆನಪಾಯಿತು. ಅಲ್ಯೂಮಿನಿಯಂ ಆವಿ ಮಾಡುವ ಟಂಗ್‌ಸ್ಟನ್ ಫಿಲಮೆಂಟ್ ಬದಲಿಸಿದ್ದು ನಾನೇ. ಅವತ್ತು ಗ್ಲೌಸ್ ಹರಿದಿತ್ತು. ಎರಡು ನಿಮಿಷದ ಕೆಲಸ ಅಂತ ಬರಿಗೈಯಲ್ಲೇ ಸಿಕ್ಕಿಸಿದ್ದೆ. ಮೇ ತಿಂಗಳು ಬೇರೆ, ಕೈಯೆಲ್ಲ ಬೆವರು. ಬೆವರೆಂದರೆ ಉಪ್ಪು ನೀರು ತಾನೇ!

ಈ ಸಲ ಗ್ಲೌಸ್ ಹಾಕಿಕೊಂಡು ಹೊಸ ಫಿಲಮೆಂಟ್ ಸಿಕ್ಕಿಸಿದೆ. ಅಲ್ಯೂಮಿನಿಯಂ ಇಡುವ ಮೊದಲು ಖಾಲಿ ಫಿಲಮೆಂಟನ್ನೇ ಒಮ್ಮೆ ಕೆಂಡದಂತೆ ಕಾಯಿಸಿದೆ. ಫರ್ನೇಸ್ ಅದೇ, ಆಕ್ಸೈಡ್ ಅದೇ. ಇಗೋ ಇವತ್ತಿನ ಕರ್ವ್. ಸರಿದದ್ದು 0.1 ವೋಲ್ಟ್.

ಹಳೇ ತುಂಡನ್ನು ಎಸೆದಿಲ್ಲ. ಡಬ್ಬಿಗೆ ಹಾಕಿ ಮೇಲೆ ‘ಉಪ್ಪಿನಕಾಯಿ’ ಅಂತ ಬರೆದಿಟ್ಟಿದ್ದೇನೆ.