ಪಕ್ಷೇತರ ನಿಂತರೆ ಯಾರ ಓಟು ಹೋಗುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಪಕ್ಷೇತರ ಅಭ್ಯರ್ಥಿಗಳ ಬಗ್ಗೆ ಒಂದಿಷ್ಟು ಮಾತಾಡೋಣ. ಗ್ರಾಮ ಪಂಚಾಯ್ತಿ ಮಾತಲ್ಲ, ಅಧ್ಯಕ್ಷ, ರಾಷ್ಟ್ರಪತಿ ಅಂಥ ದೊಡ್ಡ ಕುರ್ಚಿಗೆ ನಿಲ್ಲುವವರ ಮಾತು.

ನಮ್ಮ ಬಳ್ಳಾರಿ, ಕೊಪ್ಪಳ ಕಡೆ ಚುನಾವಣೆ ಬಂತು ಅಂದ್ರೆ ಕಟ್ಟೆ ಮೇಲೆ ಕೂತವರಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಪಕ್ಷೇತರಗ ಓಟ್ ಹಾಕೋದು ಹೊಳ್ಯಾಗ ಹುಣಸಿಹಣ್ಣು ತೊಳದಂಗ." ಹಾಗೆ ಹೇಳುವವರು ಕನಕಗಿರಿಯನ್ನು ಮರೆತಿರುತ್ತಾರೆ. 2008ರ ವಿಧಾನಸಭೆಯಲ್ಲಿ ಬಿಜೆಪಿಗೆ 110 ಸ್ಥಾನ ಬಂದಿತ್ತು, ಬೇಕಾಗಿದ್ದು 113. ಆಗ ಕನಕಗಿರಿಯಿಂದ ಪಕ್ಷೇತರರಾಗಿ ಗೆದ್ದಿದ್ದ ಶಿವರಾಜ ತಂಗಡಗಿ ಸೇರಿದಂತೆ ಐದು ಜನ ಪಕ್ಷೇತರರು ಬೆಂಬಲ ಕೊಟ್ಟರು. ಐವರೂ ಮಂತ್ರಿಗಳಾದರು. ಇನ್ನು 2023ರಲ್ಲಿ ಬಳ್ಳಾರಿ ನಗರದಲ್ಲಿ ಏನಾಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜನಾರ್ದನ ರೆಡ್ಡಿಯವರ ಹೊಸ ಪಕ್ಷದಿಂದ ಅವರ ಪತ್ನಿ ನಿಂತರು, ಬಿಜೆಪಿಯಿಂದ ಅವರ ಸಹೋದರ ನಿಂತರು, ಗೆದ್ದಿದ್ದು ಕಾಂಗ್ರೆಸ್. ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯಿತು.

ಹಾಗಾಗಿ ಪಕ್ಷೇತರ ಗೆಲ್ಲುತ್ತಾನಾ ಅನ್ನೋದು ನನ್ನ ಪ್ರಕಾರ ಸಣ್ಣ ಪ್ರಶ್ನೆ. ಅವನು ಯಾರ ಓಟು ತಿನ್ನುತ್ತಾನೆ ಅನ್ನೋದನ್ನ ಕೇಳಬೇಕು. ಅದಕ್ಕಿಂತ ಮೊದಲು, ಆ ದೇಶದಲ್ಲಿ ಓಟು ಎಣಿಸುವುದು ಹೇಗೆ ಅಂತ ಕೇಳಬೇಕು.

ಅಮೆರಿಕವನ್ನೇ ತಗೊಳ್ಳಿ. ಅಲ್ಲಿ ದೇಶದ ಒಟ್ಟು ಓಟು ಯಾರಿಗೆ ಜಾಸ್ತಿ ಅಂತ ನೋಡುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಅಂತ ಪ್ರತಿನಿಧಿ ಮತಗಳಿವೆ, ಎಲ್ಲ ಸೇರಿ 538, ಅದರಲ್ಲಿ 270 ಬಂದವರು ಅಧ್ಯಕ್ಷರು. ಎರಡು ರಾಜ್ಯ ಬಿಟ್ಟರೆ ಉಳಿದ ಕಡೆಯೆಲ್ಲ ಒಂದೇ ಒಂದು ಓಟು ಹೆಚ್ಚಿಗೆ ಬಂದವರಿಗೂ ಆ ರಾಜ್ಯದ ಪೂರ್ತಿ ಪಾಲು. ಎರಡನೆಯವರಿಗೆ ಏನೂ ಇಲ್ಲ.

1992ರಲ್ಲಿ ಟೆಕ್ಸಾಸ್‌ನ ಉದ್ಯಮಿ ರಾಸ್ ಪೆರೋ ಪಕ್ಷೇತರರಾಗಿ ನಿಂತರು. ಕೈಯಲ್ಲಿ ದುಡ್ಡಿತ್ತು. ಟೀವಿಯಲ್ಲಿ ಅರ್ಧರ್ಧ ಗಂಟೆ ಸಮಯ ಕೊಂಡುಕೊಂಡು, ಮೇಜಿನ ಮುಂದೆ ಕೂತು, ಕಡ್ಡಿ ಹಿಡಿದು, ಸರ್ಕಾರದ ಸಾಲದ ಚಾರ್ಟ್‌ಗಳನ್ನು ಒಂದೊಂದಾಗಿ ತೋರಿಸುತ್ತಾ ಜನರಿಗೆ ಲೆಕ್ಕ ಹೇಳಿದರು. ಜನ ಕೂತು ನೋಡಿದರು ಕೂಡ. ನಡುವೆ ಜುಲೈನಲ್ಲಿ ಬೇಡ ಅಂತ ಹಿಂದೆ ಸರಿದರು, ಅಕ್ಟೋಬರ್‌ನಲ್ಲಿ ಮತ್ತೆ ಬಂದರು. ಇಷ್ಟೆಲ್ಲ ಎಡವಟ್ಟು ಮಾಡಿಕೊಂಡರೂ ಬಿದ್ದ ಓಟು ಸುಮಾರು 1 ಕೋಟಿ 97 ಲಕ್ಷ. ನೂರಕ್ಕೆ ಹತ್ತಿರ ಹತ್ತಿರ 19. ಪ್ರತಿನಿಧಿ ಮತ ಎಷ್ಟು ಬಂತು? ಸೊನ್ನೆ. ಒಂದು ರಾಜ್ಯವೂ ದಕ್ಕಲಿಲ್ಲ.

ಕ್ಲಿಂಟನ್ ನೂರಕ್ಕೆ 43 ಓಟು ತಗೊಂಡು ಗೆದ್ದರು, ಹಿರಿಯ ಬುಷ್ ಸೋತರು. ಬುಷ್ ಕಡೆಯವರು "ಪೆರೋ ನಮ್ಮನ್ನು ಕೆಡಿಸಿದ" ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಆದರೆ ಅವತ್ತು ಮತಗಟ್ಟೆಯಿಂದ ಹೊರಗೆ ಬಂದವರನ್ನು ನಿಲ್ಲಿಸಿ, ಪೆರೋ ಇಲ್ಲದಿದ್ದರೆ ಯಾರಿಗೆ ಹಾಕುತ್ತಿದ್ದಿರಿ ಅಂತ ಕೇಳಿದಾಗ, ಪೆರೋ ಮತದಾರರು ಎರಡೂ ಕಡೆಗೆ ಹೆಚ್ಚುಕಮ್ಮಿ ಸಮಸಮ ಹಂಚಿಹೋಗಿದ್ದರು. ಸೋತವರಿಗೆ ಪಕ್ಷೇತರ ಅನ್ನೋನು ಒಳ್ಳೆ ನೆಪ, ಅಲ್ವಾ? ಇದು ನಮ್ಮೂರಲ್ಲೂ ಉಂಟು.

ಎಲ್ಲ ಸಲವೂ ನೆಪ ಅಂತಲೂ ಹೇಳಲು ಬರುವುದಿಲ್ಲ. 2000ನೇ ಇಸವಿಯಲ್ಲಿ ಫ್ಲಾರಿಡಾದಲ್ಲಿ ಮಗ ಬುಷ್ ಗೆದ್ದಿದ್ದು 537 ಓಟಿನಿಂದ. ಆ ರಾಜ್ಯ ಹೋಗಿದ್ದಕ್ಕೇ ಅಲ್ ಗೋರ್ ಕೈಗೆ ಅಧ್ಯಕ್ಷಗಿರಿ ಬರಲಿಲ್ಲ. ಅಲ್ಲೇ ರಾಲ್ಫ್ ನೇಡರ್‌ಗೆ ಬಿದ್ದಿದ್ದು 97,488. ನೇಡರ್ ಪಕ್ಷೇತರರಲ್ಲ, ಗ್ರೀನ್ ಪಾರ್ಟಿಯವರು, ಆದರೆ ಎಣಿಕೆ ಟೇಬಲ್ಲಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಪೆರೋಗೆ ಬಿದ್ದ ಒಂದೂ ಮುಕ್ಕಾಲು ಕೋಟಿಗಿಂತ ಜಾಸ್ತಿ ಓಟು ಮಾಡದ ಕೆಲಸವನ್ನು ಒಂದು ಲಕ್ಷ ಕೂಡ ಇಲ್ಲದ ಓಟು ಮಾಡಿತು. ಎಷ್ಟು ಬಿತ್ತು ಅನ್ನೋದಕ್ಕಿಂತ ಎಲ್ಲಿ ಬಿತ್ತು ಅನ್ನೋದೇ ಅಲ್ಲಿ ಮುಖ್ಯ.

2024ರಲ್ಲಿ ರಾಬರ್ಟ್ ಕೆನಡಿ ಜೂನಿಯರ್ ಇನ್ನೊಂದು ದಾರಿ ಹಿಡಿದರು. ಪಕ್ಷೇತರರಾಗಿ ಓಡಾಡಿ, ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿ, ಟ್ರಂಪ್‌ಗೆ ಬೆಂಬಲ ಅಂದರು. ಮುಂದೆ ಆರೋಗ್ಯ ಖಾತೆ ಬಂತು. ಕನಕಗಿರಿ ಆಟವೇ ಇದು, ಎಣಿಕೆ ಆದಮೇಲೆ ಆಡುವ ಬದಲು ಓಟಿಗೆ ಮೊದಲೇ ಆಡಿದರು ಅಷ್ಟೇ.

ಎಣಿಸುವ ಪದ್ಧತಿ ಬದಲಾದರೆ ಈ ಭಯವೆಲ್ಲ ಕಡಿಮೆಯಾಗುತ್ತದೆ. ಪಕ್ಕದ ಶ್ರೀಲಂಕಾದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಹಾಲಿ ಅಧ್ಯಕ್ಷ ರನಿಲ್ ವಿಕ್ರಮಸಿಂಘೆ ಅವರೇ ಗ್ಯಾಸ್ ಸಿಲಿಂಡರ್ ಗುರುತಿನಲ್ಲಿ ಪಕ್ಷೇತರರಾಗಿ ನಿಂತು ಮೂರನೆಯವರಾದರು. ಅಲ್ಲಿ ಮತದಾರ 1, 2, 3 ಅಂತ ಇಷ್ಟದ ಕ್ರಮ ಬರೆಯಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದ ಕಾರಣ, ಆ ದೇಶದ ಇತಿಹಾಸದಲ್ಲೇ ಮೊದಲ ಸಲ, ಹಿಂದೆ ಬಿದ್ದವರ ಚೀಟಿಗಳಲ್ಲಿ ಬರೆದ 2, 3 ನೋಡಿ ಎರಡನೇ ಸುತ್ತು ಎಣಿಸಿದರು. ಮೊದಲ ಸುತ್ತಿನಲ್ಲಿ ಮುಂದಿದ್ದ ದಿಸ್ಸನಾಯಕೆ ಅವರೇ ಗೆದ್ದರು.

ಈಗ ನಮ್ಮದಕ್ಕೆ ಬರೋಣ. ನಮ್ಮ ರಾಷ್ಟ್ರಪತಿಗೆ ನಾವು ಓಟು ಹಾಕುವುದಿಲ್ಲ, ಸಂಸದರು ಮತ್ತು ಶಾಸಕರು ಹಾಕುತ್ತಾರೆ. ಚೀಟಿ ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ. ಅದರ ಮೇಲೆ ಗುರುತು ಇರುವುದಿಲ್ಲ, ಬರೀ ಹೆಸರು. ಹೆಸರಿನ ಮುಂದೆ 1, 2 ಅಂತ ಬರೆಯಬೇಕು. ಪ್ರತಿ ಓಟಿಗೂ ಒಂದು ಬೆಲೆ ಇದೆ, ನಮ್ಮ ಕರ್ನಾಟಕದ ಶಾಸಕರ ಒಂದು ಓಟಿಗೆ ಈಗ 131.

1969ರ ಮೇನಲ್ಲಿ ರಾಷ್ಟ್ರಪತಿಯಾಗಿದ್ದ ಜಾಕಿರ್ ಹುಸೇನ್ ತೀರಿಕೊಂಡರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪ. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಹಿರಿಯರು ಆರಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ರೆಡ್ಡಿ ನಮ್ಮ ಪಕ್ಕದ ಅನಂತಪುರದವರು, ಆ ಜಿಲ್ಲೆಯೂ 1882ರವರೆಗೆ ಬಳ್ಳಾರಿ ಜೊತೆಗೇ ಇದ್ದದ್ದು. ಇಂದಿರಾ ಗಾಂಧಿಗೆ ಆ ಆಯ್ಕೆ ಇಷ್ಟವಿರಲಿಲ್ಲ. ನಾಮಪತ್ರಕ್ಕೆ ಸಹಿ ಏನೋ ಹಾಕಿದರು, ಮನಸ್ಸು ಬೇರೆ ಕಡೆ ಇತ್ತು. ಉಪರಾಷ್ಟ್ರಪತಿ ವಿ.ವಿ. ಗಿರಿ, ಮೊದಲು ನಮ್ಮದೇ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಜನಸಂಘ, ಸ್ವತಂತ್ರ ಪಕ್ಷದವರು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದರು.

ನಿಜಲಿಂಗಪ್ಪನವರು ಮಾಡಿದ ಲೆಕ್ಕ ಏನೂ ದಡ್ಡ ಲೆಕ್ಕವಾಗಿರಲಿಲ್ಲ. ದೇಶಮುಖ್ ಕಡೆಯವರು ಎರಡನೇ ಓಟನ್ನು ರೆಡ್ಡಿಗೆ ಕೊಟ್ಟರೆ ಸಾಕು ಅಂತ ಆ ಪಕ್ಷಗಳ ನಾಯಕರ ಹತ್ತಿರ ಮಾತಾಡಿದರು. ಇಂದಿರಾಗೆ ಬೇಕಾಗಿದ್ದೂ ಅದೇ. ಇವರು ವಿರೋಧಿಗಳ ಜೊತೆ ಸೇರಿಕೊಂಡರು ನೋಡಿ ಅಂತ ಅವರ ಕಡೆಯವರು ಎತ್ತಾಡಿದರು, ಶಾಸಕರು, ಸಂಸದರು ಆತ್ಮಸಾಕ್ಷಿಯಂತೆ ಓಟು ಹಾಕಲಿ ಅಂತ ಇಂದಿರಾ ಹೇಳಿಬಿಟ್ಟರು.

ಆಗಸ್ಟ್ 20ಕ್ಕೆ ಎಣಿಕೆ. ಮೊದಲ ಸುತ್ತಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಬರಲಿಲ್ಲ. ಹಿಂದೆ ಬಿದ್ದವರ ಎರಡನೇ ಓಟುಗಳನ್ನು ಹಂಚುತ್ತಾ ಹೋದರು. ರೆಡ್ಡಿಗೆ 90 ಸಾವಿರಕ್ಕೂ ಜಾಸ್ತಿ ಸೇರಿತು, ಗಿರಿಗೆ 18 ಸಾವಿರ ಚಿಲ್ಲರೆ. ಅಂದ್ರೆ ನಿಜಲಿಂಗಪ್ಪನವರ ಲೆಕ್ಕ ಬಹುಪಾಲು ಫಲಿಸಿತ್ತು! ಆದರೆ ಸಾಲಲಿಲ್ಲ. ಗಿರಿ 4,20,077, ರೆಡ್ಡಿ 4,05,427. ಪಕ್ಷೇತರ ರಾಷ್ಟ್ರಪತಿಯಾದರು, ಅದೇ ನವೆಂಬರ್‌ನಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು.

ಗಿರಿ ನಿಜವಾಗಿ ಎಷ್ಟು ಪಕ್ಷೇತರರು ಅಂತ ಕೇಳಬಹುದು. ಬೆನ್ನ ಹಿಂದೆ ಪ್ರಧಾನಿಯೇ ಇದ್ದರಲ್ಲ. ಆದರೆ ಸುಮ್ನೆ ಹೆಸರಿಗಾಗಿ ನಿಲ್ಲುವವರೂ ಆಗ ಕಡಿಮೆ ಇರಲಿಲ್ಲ, ಆ ಸಲ ಕಣದಲ್ಲಿ 15 ಜನ ಇದ್ದರು. 1974ರಲ್ಲಿ ಕಾನೂನು ಬದಲಾಯಿಸಿ, ಓಟಿರುವ ಹತ್ತು ಜನ ಸೂಚಕರು, ಹತ್ತು ಜನ ಅನುಮೋದಕರು ಬೇಕು ಅಂದರು. 1997ರಲ್ಲಿ ಅದು ಐವತ್ತು, ಐವತ್ತಾಯಿತು, ಠೇವಣಿ 15,000 ರೂಪಾಯಿ. ಈಗ ನೂರು ಜನ ಶಾಸಕರು, ಸಂಸದರ ಸಹಿ ಯಾವ ಪಕ್ಷವೂ ಬೆನ್ನಿಗಿಲ್ಲದವನಿಗೆ ಎಲ್ಲಿಂದ ಸಿಗಬೇಕು?

1974ರ ಆ ಕಾನೂನು ಬಂದ ಮೇಲೆ 1977ರಲ್ಲಿ ಮತ್ತೆ ರಾಷ್ಟ್ರಪತಿ ಚುನಾವಣೆ ಬಂತು. ನಾಮಪತ್ರ ಹಾಕಿದವರು 37 ಜನ. ಪರಿಶೀಲನೆಯಲ್ಲಿ 36 ತಿರಸ್ಕೃತವಾದವು. ಉಳಿದ ಒಂದು ಸಂಜೀವ ರೆಡ್ಡಿಯವರದು. ಓಟು ಹಾಕುವ ಪ್ರಮೇಯವೇ ಬರಲಿಲ್ಲ.

ನಮಸ್ಕಾರ.