ಹೆಜ್ಜೆ ಸದ್ದು ನಿಂತಾಗ

ಕೇಳುಗರಿಗೆ ನಮಸ್ಕಾರ.

ರಾತ್ರಿ ಹೊತ್ತು. ಪಾರ್ಕಿನ ಕಲ್ಲಿನ ಗೋಡೆ ಪಕ್ಕದಲ್ಲಿ ಒಬ್ಬಳು ಹೆಂಗಸು ನಡೆದು ಹೋಗುತ್ತಿದ್ದಾಳೆ. ಹಿಮ್ಮಡಿ ಎತ್ತರದ ಚಪ್ಪಲಿ. ಟಕ್, ಟಕ್, ಟಕ್. ಸ್ವಲ್ಪ ದೂರದಲ್ಲಿ ಇನ್ನೊಬ್ಬಳು ಅವಳ ಹಿಂದೆಯೇ ಬರುತ್ತಿದ್ದಾಳೆ. ಇಬ್ಬರೂ ಬೀದಿದೀಪದ ಬೆಳಕಿಗೆ ಬರುತ್ತಾರೆ, ಕತ್ತಲಿಗೆ ಹೋಗುತ್ತಾರೆ, ಮತ್ತೆ ಬೆಳಕಿಗೆ. ಇದ್ದಕ್ಕಿದ್ದಂತೆ ಹಿಂದಿನವಳ ಹೆಜ್ಜೆ ಸದ್ದು ನಿಂತುಬಿಡುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ. ರಸ್ತೆ ಖಾಲಿ. ಗಾಬರಿಯಿಂದ ಓಡತೊಡಗುತ್ತಾಳೆ. ಆಗ ಪಕ್ಕದಿಂದಲೇ ಕಾಡುಪ್ರಾಣಿ ಬುಸುಗುಟ್ಟಿದ ಹಾಗೆ ಒಂದು ಸದ್ದು. ನೋಡಿದರೆ ಬಸ್ಸು! ಬ್ರೇಕು ಹಾಕಿ ನಿಂತಿದೆ, ಅಷ್ಟೇ.

ಇದು 1942ರ 'ಕ್ಯಾಟ್ ಪೀಪಲ್' ಚಿತ್ರದ ದೃಶ್ಯ. ಇವತ್ತಿನ ಮಾತು ಇಂಥ ಹಳೆಯ ಕಪ್ಪು ಬಿಳುಪಿನ ಭಯದ ಚಿತ್ರಗಳ ಬಗ್ಗೆ. ನಿರ್ದೇಶಕ ಜಾಕ್ ಟೂರ್ನರ್, ನಿರ್ಮಾಪಕ ವಾಲ್ ಲ್ಯೂಟನ್. ಎಷ್ಟು ಸಲ ನೋಡಿದ್ದರೂ ಆ ಬಸ್ಸು ಬಂದಾಗ ನಾನು ಬೆಚ್ಚಿಬೀಳುತ್ತೇನೆ. ಹಿಂದೆ ಬರುತ್ತಿದ್ದವಳಿಗೆ, ತಾನು ಸಿಟ್ಟು ಬಂದರೆ ಚಿರತೆಯಾಗುತ್ತೇನೆ ಅನ್ನೋ ಭಯ. ಈಗ ಆ ನಿಂತ ಸದ್ದನ್ನು ನೆನಪಿಸಿಕೊಳ್ಳಿ. ಚಪ್ಪಲಿ ಹಾಕಿದ ಕಾಲಿಗೆ ಸದ್ದುಂಟು. ಚಿರತೆಯ ಪಂಜಕ್ಕೆ ಸದ್ದಿಲ್ಲ. ಪರದೆ ಮೇಲೆ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕ ಹಾಕಿದವರು ನಾವು, ಹೆದರಿದವರೂ ನಾವೇ.

ಆ ಚಿತ್ರಕ್ಕೆ ಖರ್ಚಾದದ್ದು 1.5 ಲಕ್ಷ ಡಾಲರಿಗಿಂತ ಕಡಿಮೆ. ಹಾಲಿವುಡ್ಡಿಗೆ ಅದು ಆ ಕಾಲದಲ್ಲೂ ಸಣ್ಣ ಮೊತ್ತ. ಅದರಲ್ಲಿ ಕಾಣುವ ದೊಡ್ಡ ಮೆಟ್ಟಿಲು ಕೂಡ ಬೇರೊಂದು ಸಿನಿಮಾಕ್ಕೆ ಕಟ್ಟಿಸಿದ್ದು. ದುಡ್ಡು ಕಡಿಮೆ ಇದ್ದಾಗ ಕತ್ತಲು ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೆ ಕತ್ತಲನ್ನು ಎಲ್ಲಿ ಇಡಬೇಕು ಅಂತ ಗೊತ್ತಿರಬೇಕಲ್ವಾ? ಅವರಿಗೆ ಗೊತ್ತಿತ್ತು. ಹೀಗೆ ಸುಮ್ನೆ ಬೆಚ್ಚಿಬೀಳಿಸುವ ಹುಸಿ ಹೆದರಿಕೆಗೆ ಸಿನಿಮಾದವರು ಇವತ್ತಿಗೂ 'ಲ್ಯೂಟನ್ ಬಸ್' ಅನ್ನುತ್ತಾರೆ.

ಇನ್ನೊಂದು ಚಿತ್ರ ಜರ್ಮನಿಯದು, 1931ರ 'ಎಂ'. ನಿರ್ದೇಶಕ ಫ್ರಿಟ್ಜ್ ಲ್ಯಾಂಗ್. ಮಕ್ಕಳನ್ನು ಕೊಲ್ಲುವವನೊಬ್ಬನ ಕಥೆ. ಕೊಲೆ ಮಾತ್ರ ಒಂದು ಸಲವೂ ಕಾಣುವುದಿಲ್ಲ. ಒಬ್ಬ ತಾಯಿ ಮಗಳಿಗಾಗಿ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಿದ್ದಾಳೆ. ಹೊತ್ತು ಮೀರಿತು. ಹೆಸರು ಹಿಡಿದು ಕೂಗುತ್ತಾಳೆ. ಕೂಗು ಕೇಳುತ್ತಲೇ ಇರುತ್ತದೆ, ಪರದೆ ಮೇಲೆ ಮಾತ್ರ ಬರೀ ಖಾಲಿ ಜಾಗಗಳು. ಖಾಲಿ ಮೆಟ್ಟಿಲು. ಬಟ್ಟೆ ಒಣಹಾಕಿದ ಅಟ್ಟ. ಮೇಜಿನ ಮುಂದೆ ಖಾಲಿ ಕುರ್ಚಿ, ಊಟ ಬಡಿಸದ ತಟ್ಟೆ. ಆಮೇಲೆ ಪೊದೆಯಿಂದ ಒಂದು ಚೆಂಡು ಉರುಳಿ ಬಂದು ನಿಲ್ಲುತ್ತದೆ. ಆ ಮಗುವಿಗೆ ಯಾರೋ ಕೊಡಿಸಿದ್ದ ಬಲೂನು ತಂತಿಗೆ ಸಿಕ್ಕಿಕೊಂಡು ಒದ್ದಾಡಿ ಹಾರಿಹೋಗುತ್ತದೆ. ಒಂದು ಹನಿ ರಕ್ತ ಇಲ್ಲ. ನನಗಂತೂ ಆ ತಟ್ಟೆ ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಅದೇ ಚಿತ್ರದಲ್ಲಿ ಕೊಲೆಗಾರನಿಗೆ ಸಿಳ್ಳೆ ಹಾಕುವ ಅಭ್ಯಾಸ. ಆ ಪಾತ್ರ ಮಾಡಿದ ಪೀಟರ್ ಲಾರಿಗೆ ಸಿಳ್ಳೆ ಬರುತ್ತಿರಲಿಲ್ಲ, ನಿರ್ದೇಶಕರೇ ಹಾಕಿದರು. ಮಾತಿನ ಸಿನಿಮಾ ಇನ್ನೂ ಹೊಸದು. ಅಷ್ಟರಲ್ಲೇ, ಮನುಷ್ಯ ಕಾಣಿಸದೆ ಇದ್ದರೂ ಅವನ ಸದ್ದು ಸಾಕು ಅಂತ ಕಂಡುಕೊಂಡಿದ್ದರು. ಬಾನುಲಿಯಲ್ಲಿ ಮಾತಾಡುವ ನನಗೆ ಇದು ವಿಶೇಷವಾಗಿ ಇಷ್ಟ.

ಬಣ್ಣ ಇರಲಿಲ್ಲ, ಪಾಪ, ಹೇಗೋ ನಿಭಾಯಿಸಿದರು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1931ರ 'ಡಾಕ್ಟರ್ ಜೆಕಿಲ್ ಆ್ಯಂಡ್ ಮಿಸ್ಟರ್ ಹೈಡ್' ನೋಡಿ. ಮದ್ದು ಕುಡಿದು ದುಷ್ಟನಾಗಿ ಬದಲಾಗುವ ವೈದ್ಯನ ಕಥೆ. ನಟ ಫ್ರೆಡ್ರಿಕ್ ಮಾರ್ಚ್ ಅವರ ಮುಖ ನಮ್ಮ ಕಣ್ಣೆದುರಿಗೇ ಬದಲಾಗುತ್ತದೆ. ಕೆನ್ನೆ ಕಪ್ಪಾಗುತ್ತದೆ, ಗೆರೆಗಳು ಮೂಡುತ್ತವೆ. ನಡುವೆ ಕಟ್ ಇಲ್ಲ. ಗುಟ್ಟು ಇಷ್ಟೇ. ಬಣ್ಣದ ಮೇಕಪ್ಪನ್ನು ಮೊದಲೇ ಹಚ್ಚಿದ್ದರು. ಕ್ಯಾಮೆರಾ ಮುಂದೆ ಅದೇ ಬಣ್ಣದ ಫಿಲ್ಟರ್ ಇದ್ದಾಗ ಅದು ಕಾಣಿಸುವುದಿಲ್ಲ. ಫಿಲ್ಟರ್ ಬದಲಾಯಿಸಿದರೆ ಕಪ್ಪಾಗಿ ಎದ್ದು ಬರುತ್ತದೆ. ಬಣ್ಣದ ಸಿನಿಮಾದಲ್ಲಿ ಹೀಗೆ ಮಾಡಿದರೆ ಪರದೆಯೇ ಕೆಂಪು ಹಸಿರಾಗಿ ಗುಟ್ಟು ರಟ್ಟಾಗುತ್ತಿತ್ತು. ಆ ಪಾತ್ರಕ್ಕೆ ಮಾರ್ಚ್ ಅವರಿಗೆ ಆಸ್ಕರ್ ಬಂತು.

1922ರ 'ನೋಸ್ಫೆರಾಟು' ಚಿತ್ರದಲ್ಲಿ ರಕ್ತಪಿಶಾಚಿ ಮೆಟ್ಟಿಲು ಹತ್ತುವಾಗ ಅವನ ನೆರಳು ಮಾತ್ರ ಗೋಡೆ ಮೇಲೆ ಹತ್ತುತ್ತದೆ. ಹಕ್ಕುಸ್ವಾಮ್ಯದ ಜಗಳದಲ್ಲಿ ಆ ಚಿತ್ರದ ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಕೋರ್ಟು ಆದೇಶವನ್ನೇ ಕೊಟ್ಟಿತ್ತು. ಹೇಗೋ ಕೆಲವು ಪ್ರತಿ ಉಳಿದವು. ಉಳಿಯದೆ ಹೋಗಿದ್ದರೆ ಅಂತ ಯೋಚಿಸಿದರೇ ಸಂಕಟವಾಗುತ್ತದೆ.

ಈ ಚಿತ್ರಗಳನ್ನು ನೋಡುವುದಾದರೆ ದಯವಿಟ್ಟು ಹಗಲಲ್ಲಿ, ಫೋನಿನಲ್ಲಿ ನೋಡಬೇಡಿ. ದೀಪ ಆರಿಸಿ ಕೂತುಕೊಳ್ಳಿ. 'ಕ್ಯಾಟ್ ಪೀಪಲ್' ಚಿತ್ರದಲ್ಲಿ ಮುಂದೆ ಒಂದು ಈಜುಕೊಳದ ದೃಶ್ಯ ಬರುತ್ತದೆ. ಅವತ್ತು ಗಾಬರಿಯಿಂದ ಓಡಿದ್ದ ಅದೇ ಹೆಂಗಸು ನೀರಿನ ನಡುವೆ ಒಬ್ಬಳೇ ಇದ್ದಾಳೆ. ನೀರಿನ ಬೆಳಕು ಗೋಡೆ, ಚಾವಣಿ ಮೇಲೆಲ್ಲ ಕುಣಿಯುತ್ತಿದೆ. ಎಲ್ಲೋ ಒಂದು ಗುರುಗುರು ಸದ್ದು. ಅವಳು ಕಿರುಚುತ್ತಾಳೆ. ದೀಪ ಹೊತ್ತಿಕೊಳ್ಳುತ್ತದೆ. ದಡದಲ್ಲಿ ನಿಂತಿದ್ದ ಇನ್ನೊಬ್ಬಳು, ಏನಾಯ್ತು ಅಂತ ಮೆಲ್ಲಗೆ ಕೇಳಿ ಹೊರಟುಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ, ಬಿಚ್ಚಿಟ್ಟಿದ್ದ ಗೌನನ್ನು ಯಾರೋ ತಂದುಕೊಡುತ್ತಾರೆ. ಅದು ಚಿಂದಿಚಿಂದಿಯಾಗಿರುತ್ತದೆ.

ನಮಸ್ಕಾರ.