ಸೋಗೆಯ ಮೇಲೆ ಚಳಿಯ ಗೆರೆ

ಕೇಳುಗರಿಗೆಲ್ಲ ನಮಸ್ಕಾರ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಂಗಳದಲ್ಲಿ ಅಡಿಕೆ, ತೆಂಗಿನ ಜಾತಿಯ ಪಾಮ್ ಗಿಡ ಬೆಳೆಸಿದವರು ಒಂದೇ ಮಾತು ಕೇಳುತ್ತಾರೆ: 'ಎಲೆ ಸುಟ್ಟಿದೆ, ಯಾವ ಔಷಧ ಹೊಡೀಬೇಕು?' ಎಷ್ಟೋ ಸಲ ಅದು ರೋಗವೇ ಅಲ್ಲ. ಚಳಿಯ ಕೆಲಸ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಬಿಸಿ ಸೀಮೆಯ ಪಾಮ್‌ಗಳು ಕೆಡುವುದಕ್ಕೆ ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕಾಗಿಲ್ಲ. ನಮ್ಮ ಅಡಿಕೆಗೇ 14ರಿಂದ 36 ಡಿಗ್ರಿ ಸೆಲ್ಸಿಯಸ್ ಹಿತ. 10ಕ್ಕಿಂತ ಕೆಳಗಿಳಿದರೆ ಕಷ್ಟ. ಕೆಂಪು ದಂಟಿನ ಲಿಪ್‌ಸ್ಟಿಕ್ ಪಾಮ್ ಮಲಯ, ಬೋರ್ನಿಯೋ ಕಡೆಯ ಜೌಗು ನೆಲದ್ದು, ಅಡಿಕೆಗಿಂತ ನಾಜೂಕು. ಕಾರವಾರದಲ್ಲಿ ಸಮುದ್ರ ರಾತ್ರಿಯನ್ನು ಬೆಚ್ಚಗಿಡುವುದರಿಂದ ಅದು ಆರಾಮಾಗಿರುತ್ತದೆ. ಘಟ್ಟ ಹತ್ತಿ ಬಂದರೆ ಕತೆ ಬೇರೆ.

ಆ ಸುಟ್ಟ ಗುರುತಿನ ಆಕಾರ ನೋಡಬೇಕು ನೀವು. ಶಿರಸಿಯ ಒಂದು ಮನೆಯಲ್ಲಿ ಲಿಪ್‌ಸ್ಟಿಕ್ ಪಾಮ್ ಮಾವಿನ ಮರದ ಪಕ್ಕ ಇದೆ. ಮಾವಿನ ಕೆಳಗಿದ್ದ ಎಲೆಗಳು ಹಚ್ಚ ಹಸಿರು. ಹೊರಗೆ ಚಾಚಿದವು ಕಂದು. ಸುಟ್ಟ ಎಲೆಯೊಂದರ ನಡುವೆ ಬೆರಳಗಲದ ಹಸಿರು ಪಟ್ಟಿ ಉಳಿದಿತ್ತು. ತಲೆಯೆತ್ತಿ ನೋಡಿದರೆ, ಸರಿಯಾಗಿ ಅದರ ಮೇಲೆ ಇನ್ನೊಂದು ಎಲೆಯ ಗರಿ ಅಡ್ಡ ಬಂದಿತ್ತು!

ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಡುತ್ತದೆ. ಸುತ್ತಲಿನ ಗಾಳಿಗಿಂತ ಎಲೆಯೇ ಜಾಸ್ತಿ ತಣ್ಣಗಾಗುತ್ತದೆ. ಮೇಲೆ ಏನಾದರೂ ಮರೆ ಇದ್ದರೆ ಅಷ್ಟು ಶಾಖ ಹೋಗುವುದಿಲ್ಲ. ಬಯಲಲ್ಲಿ ನಿಂತ ಕಾರಿನ ಮೇಲೆ ಇಬ್ಬನಿ ಸುರಿದಿರುತ್ತದೆ, ಮರದಡಿಯ ಕಾರು ಒಣಗಿರುತ್ತದೆ, ಅಲ್ವಾ? ಅದೇ ಲೆಕ್ಕ. ಜಗಲಿಯ ಥರ್ಮಾಮೀಟರ್ ನಂಬಿ ಕೂರಬೇಡಿ. ತಣ್ಣನೆ ಗಾಳಿ ಭಾರ, ತಗ್ಗಿಗೆ ಇಳಿಯುತ್ತದೆ. ಹಾಗಾಗಿ ಗುಡ್ಡದ ಮೇಲಿನ ಮನೆಗಿಂತ ಕಣಿವೆಯ ತೋಟಕ್ಕೇ ಪೆಟ್ಟು ಹೆಚ್ಚು.

ಇನ್ನೊಂದು ಗುರುತು ತಡವಾಗಿ ಕಾಣುತ್ತದೆ. ಸುಳಿಯೊಳಗೆ ಎಳೆ ಎಲೆ ಕಾಗದದ ಬೀಸಣಿಗೆಯ ಹಾಗೆ ಮಡಚಿಕೊಂಡಿರುತ್ತದೆ. ಚಳಿ ಬಿದ್ದ ರಾತ್ರಿ ಅದರ ಒಂದು ತುಂಡಷ್ಟೇ ಹೊರಗಿದ್ದರೆ, ಆ ತುಂಡಿಗೆ ಮಾತ್ರ ಪೆಟ್ಟು. ವಾರಗಳಾದ ಮೇಲೆ ಎಲೆ ಬಿಚ್ಚಿದಾಗ ಎಲ್ಲ ಗರಿಗಳ ಮೇಲೂ ಸಾಲಾಗಿ ಬಿಳಿಚಿದ ಗೆರೆ. ಆಗ ಬಿಸಿಲು ಏರಿರುತ್ತದೆ, ಪಾಪ, ಎಲ್ಲರೂ ಬಿಸಿಲನ್ನೇ ದೂರುತ್ತಾರೆ. ತೆಂಗು ತಿಂಗಳಿಗೆ ಹೆಚ್ಚುಕಡಿಮೆ ಒಂದು ಎಲೆ ಬಿಡುತ್ತದೆ. ಸುಳಿಯಿಂದ ಕೆಳಗೆ ಎಣಿಸುತ್ತಾ ಬಂದರೆ ಪೆಟ್ಟು ಬಿದ್ದ ತಿಂಗಳು ಅಂದಾಜಿಗೆ ಸಿಗುತ್ತದೆ.

ಎಲೆಚುಕ್ಕೆ ರೋಗ ಹೀಗಿರುವುದಿಲ್ಲ. ಅಲ್ಲಿ ಬಿಡಿ ಚುಕ್ಕೆಗಳು, ಸುತ್ತ ಹಳದಿ ಅಂಚು, ದಿನೇ ದಿನೇ ಹರಡುತ್ತವೆ. ಚಳಿಯ ಗುರುತು ಮೊದಲ ಕೆಲವು ದಿನ ಬಣ್ಣ ತಿರುಗಿ ಅಲ್ಲೇ ನಿಲ್ಲುತ್ತದೆ. ಅನುಮಾನ ಇದ್ದರೆ ಪೆನ್ನಿನಲ್ಲಿ ಅಂಚಿಗೆ ಗುರುತು ಹಾಕಿ, ವಾರ ಬಿಟ್ಟು ನೋಡಿ.

ದಯವಿಟ್ಟು ಎಲೆ ಕಡಿಯಬೇಡಿ. ಅರ್ಧ ಹಸಿರಿದ್ದರೂ ಅದು ಗಿಡಕ್ಕೆ ಅನ್ನ ಮಾಡುತ್ತದೆ. ಹಳೆ ಎಲೆಯ ಪೊಟ್ಯಾಶ್ ಹೊಸ ಎಲೆಗೆ ಹೋಗುತ್ತದೆ. ಗಾಬರಿಯಲ್ಲಿ ಸುಮ್ನೆ ಯೂರಿಯಾ ಸುರಿಯುವುದೂ ಬೇಡ, ತಣ್ಣನೆ ಮಣ್ಣಿನಲ್ಲಿ ಬೇರು ಅದನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಚಟ್ಟಿಯ ಗಿಡ ಸಂಜೆ ಮಾಡಿನಡಿಗೆ ಬರಲಿ. ಎಳೆ ಅಡಿಕೆ ಸಸಿಗೆ ಬಿಸಿಲಿಗೆಂದು ಕಟ್ಟುವ ಸೋಗೆಯ ಮರೆಯನ್ನು ಚಳಿಗಾಲದಲ್ಲೂ ಬಿಚ್ಚಬೇಡಿ.

ನೋಡಲೇಬೇಕಾದದ್ದು ಸುಳಿ. ಪಾಮ್‌ನ ಒಂದು ಕಾಂಡಕ್ಕೆ ಬೆಳೆಯುವ ತುದಿ ಅದೊಂದೇ. ಮೆಲ್ಲಗೆ ಎಳೆದಾಗ ಕಿತ್ತು ಬಂದು ನಾತ ಹೊಡೆದರೆ ಕೊಳೆತ ಭಾಗ ತೆಗೆದು ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು ಹಚ್ಚಿ, ಹತ್ತಿರದ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ಗಟ್ಟಿಯಾಗಿದ್ದರೆ ಏನೂ ಮಾಡಬೇಕಾಗಿಲ್ಲ, ಹೊಸ ಎಲೆ ಬರುತ್ತದೆ.

ನಮಸ್ಕಾರ.